ಜಾಂಗಾರೋ ಯಾವ ದೇಶ? ಥ್ರಿಲ್ಲರ್‌ನ ಕಲ್ಪಿತ ಆಫ್ರಿಕನ್ ರಾಷ್ಟ್ರವನ್ನು ಇತಿಹಾಸದೊಂದಿಗೆ ಹೋಲಿಸಿ ಓದುವ ಬಗೆ

ಆಫ್ರಿಕಾದ ಒಂದು ಕಲ್ಪಿತ ದೇಶದಲ್ಲಿ ನಡೆಯುವ ಥ್ರಿಲ್ಲರ್ ಓದಿ ಮುಗಿಸಿದವರಿಗೆ ‘ಇದು ನಿಜಕ್ಕೂ ಯಾವ ದೇಶ?’ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಅದಕ್ಕೆ ಒಂದೇ ಹೆಸರಿನ ಉತ್ತರ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ಕಾದಂಬರಿಕಾರ ಭೂಗೋಳವನ್ನು ಒಂದು ಕಡೆಯಿಂದ, ಯುದ್ಧದ ನೆನಪನ್ನು ಇನ್ನೊಂದು ಕಡೆಯಿಂದ ತಂದು, ಕಥೆಗೆ ಬೇಕಾದ ಖನಿಜವನ್ನು ತಾನೇ ನೆಲದಲ್ಲಿ ಹೂತಿಟ್ಟಿರುತ್ತಾನೆ. ಆದ್ದರಿಂದ ಯಾವ ಅಂಶ ಎಲ್ಲಿಂದ ಬಂತು, ಬರುವಾಗ ಏನು ಬದಲಾಯಿತು ಎಂದು ಬಿಡಿಬಿಡಿಯಾಗಿ ವಿಚಾರಿಸಬೇಕು. ಫ್ರೆಡ್ರಿಕ್ ಫೋರ್ಸೈತ್ 1974ರಲ್ಲಿ ಪ್ರಕಟಿಸಿದ ‘ದಿ ಡಾಗ್ಸ್ ಆಫ್ ವಾರ್’ ಈ ಅಭ್ಯಾಸಕ್ಕೆ ಹೇಳಿಮಾಡಿಸಿದ ಕಾದಂಬರಿ. ಅದನ್ನಿನ್ನೂ ಓದದವರು ಗಮನಿಸಬೇಕು, ಕಥೆಯ ಕೊನೆಯ ತಿರುವೂ ಮುಂದೆ ಬರುತ್ತದೆ.

ಕಥೆಯ ಎಳೆ ಸರಳವಾದುದು. ಲಂಡನ್ನಿನ ಗಣಿ ಉದ್ಯಮಿ ಸರ್ ಜೇಮ್ಸ್ ಮ್ಯಾನ್ಸನ್‌ಗೆ ಜಾಂಗಾರೋ ಎಂಬ ಬಡ ದೇಶದ ಕ್ರಿಸ್ಟಲ್ ಪರ್ವತದಲ್ಲಿ ಪ್ಲಾಟಿನಂ ಇರುವುದು ಗೊತ್ತಾಗುತ್ತದೆ. ಅಲ್ಲಿನ ಸರ್ವಾಧಿಕಾರಿ ಜ್ಯಾಂ ಕಿಂಬಾನನ್ನು ಉರುಳಿಸಿ, ದೇಶಭ್ರಷ್ಟನಾಗಿರುವ ಕರ್ನಲ್ ಬೋಬಿಯನ್ನು ಕೈಗೊಂಬೆಯಾಗಿ ಕೂರಿಸಲು ಅವನು ಕ್ಯಾಟ್ ಶಾನನ್ ಎಂಬ ಬಾಡಿಗೆ ಸೈನಿಕನನ್ನು ಗೊತ್ತುಮಾಡುತ್ತಾನೆ.

ಮೊದಲು ಮಾಡಬೇಕಾದದ್ದು ಪ್ರಕಟಣೆಯ ವರ್ಷವನ್ನು ಗೆರೆಯಾಗಿ ಎಳೆದುಕೊಳ್ಳುವುದು. ಆ ಗೆರೆಯ ಹಿಂದಿನ ಘಟನೆಗಳು ಮಾತ್ರ ಆಕರವಾಗಬಲ್ಲವು. ಮುಂದಿನವು ಎಷ್ಟೇ ಹೋಲಿದರೂ ಆಕರವಲ್ಲ. ಇಷ್ಟು ಸರಳವಾದ ನಿಯಮವನ್ನು ಮರೆತು ಬರೆದ ಲೇಖನಗಳು ಬೇಕಾದಷ್ಟಿವೆ.

ಅನಂತರ ನಕ್ಷೆಯನ್ನು ತೆರೆಯಬೇಕು, ಅದರಲ್ಲೂ ಹಳೆಯ ನಕ್ಷೆಯನ್ನು. ಜಾಂಗಾರೋದ ರಾಜಧಾನಿಯ ಹೆಸರು ಕ್ಲಾರೆನ್ಸ್. ಇಂದಿನ ನಕ್ಷೆಯಲ್ಲಿ ಆ ಹೆಸರಿನ ರಾಜಧಾನಿ ಪಶ್ಚಿಮ ಆಫ್ರಿಕಾದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಆದರೆ ಗುಲಾಮರ ಸಾಗಣೆಯನ್ನು ತಡೆಯುವ ನೌಕೆಗಳಿಗಾಗಿ ಬ್ರಿಟಿಷರು 1827ರಲ್ಲಿ ಫರ್ನಾಂಡೋ ಪೋ ದ್ವೀಪದಲ್ಲಿ ಸ್ಥಾಪಿಸಿದ ನೆಲೆಯ ಹೆಸರು ಪೋರ್ಟ್ ಕ್ಲಾರೆನ್ಸ್ ಎಂದಿತ್ತು. ಸ್ಪೇನಿನ ಆಳ್ವಿಕೆಯಲ್ಲಿ ಅದು ಸಾಂತಾ ಇಸಾಬೆಲ್ ಆಯಿತು, 1973ರಲ್ಲಿ ಮಲಾಬೋ ಆಯಿತು. ಈಕ್ವಟೋರಿಯಲ್ ಗಿನಿ ದೇಶದ ರಾಜಧಾನಿ ಬಹುಕಾಲ ಅದೇ ಆಗಿತ್ತು. ಪರ್ವತದ ಹೆಸರೂ ಪೂರ್ತಿ ಕಟ್ಟುಕಥೆಯಲ್ಲ: ಕ್ರಿಸ್ಟಲ್ ಪರ್ವತಶ್ರೇಣಿ ಗಬಾನ್ ಮತ್ತು ಈಕ್ವಟೋರಿಯಲ್ ಗಿನಿಯ ಮುಖ್ಯಭೂಮಿಯಲ್ಲಿ ಇಂದಿಗೂ ಇದೆ. ಹೆಸರೊಂದು ಹೊಂದಿದರೆ ಕಾಕತಾಳೀಯ ಎನ್ನಬಹುದು. ಒಂದೇ ಪುಟ್ಟ ದೇಶದ ಎರಡು ಹೆಸರುಗಳು ಹೊಂದಿದಾಗ ಹಾಗೆನ್ನುವುದು ಕಷ್ಟ.

ಮೂರನೆಯದು ಆಳುವವನ ಹೋಲಿಕೆ, ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ. ಕ್ರೌರ್ಯ, ಸಂಶಯ, ದೊಡ್ಡದೊಡ್ಡ ಬಿರುದುಗಳು ಮುಂತಾದ ಸಾಮಾನ್ಯ ಲಕ್ಷಣಗಳನ್ನು ಬದಿಗಿಡಿ. ಅವು ಯಾವ ಸರ್ವಾಧಿಕಾರಿಗಾದರೂ ಒಪ್ಪುತ್ತವೆ. ಬೇರೆ ಕಡೆ ಸುಲಭವಾಗಿ ಸಿಗದ ವಿವರವನ್ನು ಹಿಡಿಯಿರಿ. ಕಿಂಬಾ ದೇಶದ ಖಜಾನೆ, ಶಸ್ತ್ರಾಗಾರಗಳನ್ನು ತನ್ನ ಅರಮನೆಯೊಳಗೇ ಇಟ್ಟುಕೊಂಡಿರುತ್ತಾನೆ. ಒಂದೇ ಕಟ್ಟಡವನ್ನು ಹಿಡಿದರೆ ದೇಶವೇ ಕೈಸೇರುತ್ತದೆ ಎಂಬ ಶಾನನ್‌ನ ಲೆಕ್ಕಾಚಾರ ನಿಂತಿರುವುದು ಇದರ ಮೇಲೆ. ಈಕ್ವಟೋರಿಯಲ್ ಗಿನಿಯ ಮೊದಲ ಅಧ್ಯಕ್ಷ ಫ್ರಾನ್ಸಿಸ್ಕೋ ಮಸೀಯಸ್ ಎನ್‌ಗೆಮಾ ತನ್ನ ಆಳ್ವಿಕೆಯಲ್ಲಿ ದೇಶದ ಹಣವನ್ನು ಮೊಂಗೊಮೊ ಸೀಮೆಯ ತನ್ನ ಊರಿನ ಮನೆಯಲ್ಲಿ ತಂದಿಟ್ಟುಕೊಂಡಿದ್ದ. ಸೋವಿಯತ್ ಒಕ್ಕೂಟಕ್ಕೆ ಮೀನುಗಾರಿಕೆಯ ಹಕ್ಕನ್ನು ಕೊಟ್ಟಿದ್ದ; ಕಾದಂಬರಿಯಲ್ಲೂ ರಷ್ಯದ ನೆರಳು ಜಾಂಗಾರೋದ ಮೇಲೆ ಬಿದ್ದಿದೆ. 1972ರಲ್ಲಿ ಮಸೀಯಸ್ ತನ್ನನ್ನು ಆಜೀವ ಅಧ್ಯಕ್ಷನೆಂದು ಘೋಷಿಸಿಕೊಂಡ, ಮರುವರ್ಷ ಫರ್ನಾಂಡೋ ಪೋ ದ್ವೀಪಕ್ಕೆ ತನ್ನದೇ ಹೆಸರಿಟ್ಟ. ಜನಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗ ಅವನ ಕಾಲದಲ್ಲಿ ದೇಶ ಬಿಟ್ಟು ಓಡಿತೆಂಬ ಅಂದಾಜಿದೆ.

ಹೋಲಿಕೆಗಳನ್ನು ಇಷ್ಟಕ್ಕೇ ನಿಲ್ಲಿಸದೆ ಬದಲಾವಣೆಗಳನ್ನೂ ಬರೆದುಕೊಳ್ಳಬೇಕು. ನನ್ನ ಅನುಭವದಲ್ಲಿ ಲೇಖಕನ ಉದ್ದೇಶ ಬಯಲಾಗುವುದು ಹೋಲಿಕೆಗಿಂತ ಬದಲಾವಣೆಯಲ್ಲಿ. ಈಕ್ವಟೋರಿಯಲ್ ಗಿನಿಯ ಆಗಿನ ಸಂಪತ್ತು ಫರ್ನಾಂಡೋ ಪೋದ ಕೋಕೋ ತೋಟಗಳು ಮತ್ತು ಮುಖ್ಯಭೂಮಿಯ ಮರ. ಕೋಕೋಗಾಗಿ ಲಂಡನ್ನಿನ ಬಂಡವಾಳಗಾರ ಸೈನ್ಯ ಕಟ್ಟುತ್ತಾನೆಂದರೆ ಓದುಗ ನಂಬುವುದಿಲ್ಲ. ಪ್ಲಾಟಿನಂ ಎಂದರೆ ನಂಬುತ್ತಾನೆ. ವಾಹನಗಳ ಹೊಗೆಯನ್ನು ನಿಯಂತ್ರಿಸುವ ಅಮೆರಿಕದ ಕಾನೂನು 1970ರಲ್ಲಿ ಬಂದು, 1975ರ ಮಾದರಿಯ ಕಾರುಗಳಿಂದ ಪ್ಲಾಟಿನಂ ಬಳಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಳಕೆಗೆ ಬಂತು. ಅಂದರೆ ಪ್ಲಾಟಿನಂ ಆಫ್ರಿಕಾದ ಆ ಕರಾವಳಿಯ ಸತ್ಯವಲ್ಲ, ಆ ದಶಕದ ಷೇರುಪೇಟೆಯ ಸತ್ಯ.

ನಾಲ್ಕನೆಯ ಹೆಜ್ಜೆಯಲ್ಲಿ ಲೇಖಕನ ಜೀವನವನ್ನು ನೋಡಬೇಕು. ಫೋರ್ಸೈತ್ 1967ರಲ್ಲಿ ಬಿಬಿಸಿಯ ವರದಿಗಾರರಾಗಿ ನೈಜೀರಿಯಾದ ಅಂತರ್ಯುದ್ಧಕ್ಕೆ ಹೋದವರು. ಬಿಬಿಸಿ ಬಿಟ್ಟ ಮೇಲೂ, ಆಗ ನೈಜೀರಿಯಾದಿಂದ ಬೇರೆಯಾಗಲು ಹೋರಾಡುತ್ತಿದ್ದ ಪೂರ್ವ ಭಾಗವಾದ ಬಯಾಫ್ರಾಕ್ಕೆ ಮರಳಿ, 1969ರಲ್ಲಿ ಅದರ ಪರವಾಗಿ ಒಂದು ಪುಸ್ತಕ ಬರೆದರು. ಕಾದಂಬರಿಯ ಮೊದಲ ದೃಶ್ಯ ಸೋತ ಯುದ್ಧದ ಕೊನೆಯ ರಾತ್ರಿಯದು: ಕಾಡಿನ ನಡುವಿನ ವಿಮಾನಪಟ್ಟಿಯಿಂದ ‘ಜನರಲ್’ ಒಬ್ಬ ದೇಶ ಬಿಟ್ಟು ಹೊರಡುತ್ತಾನೆ. ಬಯಾಫ್ರಾದ ನಾಯಕ ಒಜುಕ್ವು 1970ರ ಜನವರಿಯಲ್ಲಿ ಉಲಿ ವಿಮಾನಪಟ್ಟಿಯಿಂದ ಐವರಿ ಕೋಸ್ಟ್‌ಗೆ ಹಾರಿದ್ದನ್ನು ಬಲ್ಲವರಿಗೆ ಬೇರೆ ವಿವರಣೆ ಬೇಡ. ಕೊನೆಗೆ ಶಾನನ್ ಬೋಬಿಯನ್ನು ಕೊಂದು, ಮ್ಯಾನ್ಸನ್‌ನ ಯೋಜನೆಯನ್ನು ತಲೆಕೆಳಗು ಮಾಡಿ, ಜನರಲ್‌ನ ಕಡೆಯವರ ಕೈಗೆ ಅಧಿಕಾರ ಕೊಡುತ್ತಾನೆ. ಜಾಂಗಾರೋದಲ್ಲಿ ದುಡಿಯುವ ವಲಸಿಗರು ಆ ಜನರಲ್‌ನ ಜನವೇ ಆಗಿರುವುದು ಇದಕ್ಕೆ ಕೊಟ್ಟ ಸಮರ್ಥನೆ. ಇದಕ್ಕೂ ನೆಲೆಯಿದೆ: ಫರ್ನಾಂಡೋ ಪೋದ ತೋಟಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಪೂರ್ವ ನೈಜೀರಿಯಾದಿಂದ ಕರಾರಿನ ಮೇಲೆ ಬಂದವರು, ಬಯಾಫ್ರಾಕ್ಕೆ ರೆಡ್ ಕ್ರಾಸ್‌ನ ಪರಿಹಾರ ವಿಮಾನಗಳು ಹಾರಿದ್ದೂ ಅದೇ ದ್ವೀಪದಿಂದ. ಹೀಗೆ ನೆಲ ಈಕ್ವಟೋರಿಯಲ್ ಗಿನಿಯದು, ಹಂಬಲ ಬಯಾಫ್ರಾದ್ದು. ಇತಿಹಾಸದಲ್ಲಿ ಸೋತವರಿಗೆ ಕಾದಂಬರಿಕಾರ ಕಥೆಯಲ್ಲಿ ಒಂದು ದೇಶವನ್ನು ಗೆದ್ದುಕೊಟ್ಟಂತಿದೆ.

ಐದನೆಯದಾಗಿ, ಕಥೆಯಲ್ಲಿ ಇಲ್ಲದಿರುವುದನ್ನು ಹುಡುಕಬೇಕು. ಕಿಂಬಾನಂಥವನು ಎಲ್ಲಿಂದ ಬಂದ ಎಂಬುದಕ್ಕೆ ಥ್ರಿಲ್ಲರ್‌ನಲ್ಲಿ ಹೆಚ್ಚು ಜಾಗವಿರುವುದಿಲ್ಲ. ಮಸೀಯಸ್ ಸ್ಪೇನಿನ ವಸಾಹತು ಆಡಳಿತದಲ್ಲಿ ಗುಮಾಸ್ತನಾಗಿದ್ದವನು, ಬಳಿಕ ಮೊಂಗೊಮೊದ ಮೇಯರ್ ಆದವನು. ವಿಶ್ವಸಂಸ್ಥೆಯ ವೀಕ್ಷಕರ ಎದುರು ನಡೆದ 1968ರ ಚುನಾವಣೆಯ ಎರಡನೆಯ ಸುತ್ತಿನಲ್ಲಿ ಬೋನಿಫಾಸಿಯೋ ಓಂದೋ ಎದು ಎಂಬವರನ್ನು ಸೋಲಿಸಿ ಅಧಿಕಾರಕ್ಕೇರಿದ. ಅದೇ ಅಕ್ಟೋಬರ್ 12ರಂದು ದೇಶ ಸ್ವತಂತ್ರವಾಯಿತು. 1969ರ ಮಾರ್ಚ್‌ನಲ್ಲಿ ವಿದೇಶಾಂಗ ಮಂತ್ರಿ ಅತನಾಸಿಯೋ ಎನ್‌ದೊಂಗೊ ದಂಗೆಗೆ ಯತ್ನಿಸಿದರೆಂಬ ಆರೋಪದ ನಡುವೆ ಕೊಲೆಯಾದರು, ಸ್ಪೇನಿನವರು ಗುಂಪುಗುಂಪಾಗಿ ಹೊರಟುಹೋದರು. ಮಸೀಯಸ್‌ನನ್ನು ಕೊನೆಗೆ ಉರುಳಿಸಿದ್ದು ಹೊರಗಿನ ಬಾಡಿಗೆ ಸೈನಿಕರಲ್ಲ; 1979ರ ಆಗಸ್ಟ್ 3ರಂದು ಅವನ ಸ್ವಂತ ಸೋದರಳಿಯ ತಿಯೊದೋರೋ ಒಬಿಯಾಂಗ್. ಕಾದಂಬರಿಯಲ್ಲಿ ದೇಶದ ಹಣೆಬರಹ ಬರೆಯುವವರು ಹಡಗಿನಲ್ಲಿ ಬಂದ ಬೆರಳೆಣಿಕೆಯ ಪರದೇಶಿಗಳು. ಈ ಅಂತರವನ್ನು ಗುರುತಿಸದೆ ಜಾಂಗಾರೋವನ್ನು ಈಕ್ವಟೋರಿಯಲ್ ಗಿನಿಯ ಕನ್ನಡಿಯೆಂದು ಓದುವುದು ಆ ದೇಶದ ಜನಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಎಣಿಕೆ.

1980ರ ಸಿನಿಮಾವನ್ನು ಪುರಾವೆಯಾಗಿ ಬಳಸಬೇಡಿ. ಅದರ ಜಾಂಗಾರೋದ ಬೀದಿಗಳು ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಚಿತ್ರೀಕರಣಗೊಂಡವು.

ಕೊನೆಯದಾಗಿ, 1974ರ ಗೆರೆಯ ಈಚೆಗಿನ ಘಟನೆಗಳಿಗೆ ಬೇರೆಯೇ ಹಾಳೆ ಇಡಿ. 1978ರಲ್ಲಿ ಬಾಡಿಗೆ ಸೈನಿಕ ಬಾಬ್ ದೆನಾರ್ ಸಮುದ್ರಮಾರ್ಗವಾಗಿ ಬಂದು ಕೊಮೊರೋಸ್‌ನ ಸರ್ಕಾರವನ್ನು ಉರುಳಿಸಿದ. 1981ರ ನವೆಂಬರ್‌ನಲ್ಲಿ ಸೇಶೆಲ್ಸ್‌ನಲ್ಲಿ ಇಂಥದೇ ಯತ್ನದಲ್ಲಿ ಕೈಸುಟ್ಟುಕೊಂಡ ಬಾಡಿಗೆ ಸೈನಿಕ ಮೈಕ್ ಹೋರ್‌ನ ತಂಡ ಮುಂಬಯಿಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವನ್ನೇ ಹಿಡಿದುಕೊಂಡು ಡರ್ಬನ್‌ಗೆ ಪರಾರಿಯಾಯಿತು. ಇನ್ನು 2004ರ ಮಾರ್ಚ್‌ನಲ್ಲಿ ಬ್ರಿಟಿಷ್ ಬಾಡಿಗೆ ಸೈನಿಕ ಸೈಮನ್ ಮಾನ್ ಮತ್ತು ಅವನ ಸಂಗಡಿಗರು ಹರಾರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಾಗ ಅವರ ಗುರಿ ಸಾಕ್ಷಾತ್ ಈಕ್ವಟೋರಿಯಲ್ ಗಿನಿಯೇ ಆಗಿತ್ತು. ದೇಶಭ್ರಷ್ಟ ನಾಯಕ ಸೆವೆರೋ ಮೋತೋನನ್ನು ಕೂರಿಸುವ ಯೋಜನೆ, ಬ್ರಿಟನ್ನಿನ ಹಣವಂತರ ನಂಟು ಎಲ್ಲವೂ ಕಾದಂಬರಿಯ ಪುಟದಂತೆಯೇ ಇದ್ದವು. ಪ್ಲಾಟಿನಂ ಬದಲಿಗೆ 1990ರ ದಶಕದಲ್ಲಿ ಸಿಕ್ಕ ತೈಲ ಮಾತ್ರ ಹೊಸದು. ಇವುಗಳಲ್ಲಿ ಯಾವುದನ್ನೂ ಜಾಂಗಾರೋದ ಮೂಲವೆಂದು ಬರೆಯಬಾರದು. ಕಾದಂಬರಿಯಿಂದ ಜೀವನಕ್ಕೆ ಏನಾದರೂ ಹರಿದಿದೆಯೇ ಎಂದು ಕೇಳಬಹುದು, ಆದರೆ ಅದಕ್ಕೆ ಭಾಗಿಗಳ ಹೇಳಿಕೆ, ನ್ಯಾಯಾಲಯದ ದಾಖಲೆಗಳಂಥ ಪ್ರತ್ಯೇಕ ಸಾಕ್ಷ್ಯ ಬೇಕು.