ಇಲಿಯ ಕರುಳಲ್ಲಿ ಕ್ಯಾನ್ಸರಿನ ಮೊದಲ ಗುರುತುಗಳನ್ನು ಎಣಿಸುವುದು ಹೇಗೆ?

ಹಾಸನದ ನಮ್ಮ ಲ್ಯಾಬಿಗೆ ಪ್ರಾಜೆಕ್ಟಿಗೆಂದು ಬರುವ ಎಂ.ಫಾರ್ಮಾ ಮಕ್ಕಳಿಗೆ ಕಾಫಿ ಬೀಜದ ಸಾರ ಕರುಳಿನ ಕ್ಯಾನ್ಸರ್ ತಡೆಯುತ್ತದೆಯೇ ಎಂದು ನೋಡುವಾಸೆ. ಗೆಡ್ಡೆ ಬೆಳೆಯಲು ತಿಂಗಳುಗಟ್ಟಲೆ ಬೇಕು. ಅದರ ಬದಲು, ಕರುಳಿನಲ್ಲಿ ಕ್ಯಾನ್ಸರ್ ಹುಟ್ಟಿಸುವ ಅಜಾಕ್ಸಿಮೀಥೇನ್ ಎಂಬ ರಾಸಾಯನಿಕ ಕೊಟ್ಟ ಕೆಲವು ವಾರಗಳಲ್ಲೇ ಮೂಡುವ ಅಸಹಜ ಕ್ರಿಪ್ಟ್ (ಕರುಳಿನ ಒಳಪದರದ ಸೂಕ್ಷ್ಮ ಗುಳಿ) ಗುಂಪುಗಳನ್ನು ಎಣಿಸಿ. 1987ರಲ್ಲಿ ವಿಜ್ಞಾನಿ ರಂಜನಾ ಬರ್ಡ್ ತೋರಿಸಿದ ದಾರಿಯಿದು. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಉಳಿದದ್ದೆಲ್ಲ ಆಮೇಲೆ.

ದೊಡ್ಡ ಕರುಳನ್ನು ಸಲೈನಿನಲ್ಲಿ ತೊಳೆದು, ಉದ್ದಕ್ಕೆ ಸೀಳಿ, ಫಿಲ್ಟರ್ ಪೇಪರಿನ ಮೇಲೆ ಮಡಿಕೆ ಬೀಳದಂತೆ ಹರಡಿ ಶೇ 10ರ ಬಫರ್ಡ್ ಫಾರ್ಮಲಿನ್‌ನಲ್ಲಿಡಿ. ಇಲ್ಲಿ ಆತುರ ಬೇಡವೇ ಬೇಡ: ಸುರುಟಿಕೊಂಡು ಗಟ್ಟಿಯಾದ ಕರುಳನ್ನು ಆಮೇಲೆ ಯಾರೂ ಬಿಡಿಸಲಾರರು. ಮರುದಿನ ಶೇ 0.2ರ ಮೆಥಿಲೀನ್ ಬ್ಲೂ ಬಣ್ಣದಲ್ಲಿ ಕೆಲವು ನಿಮಿಷ ಅದ್ದಿ, ಒಳಮೈ ಮೇಲೆ ಬರುವಂತೆ ಸ್ಲೈಡಿನಲ್ಲಿಟ್ಟು 40 ಪಟ್ಟು ಹಿಗ್ಗಿಸಿ ನೋಡಿ. ಸಹಜ ಕ್ರಿಪ್ಟ್‌ಗಳು ರಾಗಿಕಾಳು ಹರಡಿದಂತೆ ಸಣ್ಣಗೆ, ದುಂಡಗೆ ಕಾಣುತ್ತವೆ. ಅಸಹಜದ್ದು ದೊಡ್ಡದು, ಅಂಚು ದಪ್ಪ, ಬಣ್ಣ ಕಡುನೀಲಿ, ಬಾಯಿ ಹೆಚ್ಚಾಗಿ ಸೀಳುಸೀಳು, ಸುತ್ತಲಿನದಕ್ಕಿಂತ ಕೊಂಚ ಉಬ್ಬು.

ಪ್ರತಿ ಗುಂಪಿನಲ್ಲಿ ಎಷ್ಟು ಕ್ರಿಪ್ಟ್ ಎಂದೂ ಬರೆದುಕೊಳ್ಳಿ. ನಾಲ್ಕು ಅಥವಾ ಹೆಚ್ಚಿರುವವೇ ನನಗೆ ಮುಖ್ಯ. ಯಾವ ಇಲಿಗೆ ಸಾರ ಕೊಟ್ಟಿದೆ ಎಂಬುದು ಎಣಿಸುವವರಿಗೆ ಗೊತ್ತಿರಲೇಬಾರದು. ಇಂಥ ಗುಂಪುಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಆದ್ದರಿಂದ ಸಂಖ್ಯೆ ಇಳಿದ ಮಾತ್ರಕ್ಕೆ ಕಾಫಿ ಕ್ಯಾನ್ಸರ್ ತಡೆಯಿತು ಎಂದು ಥೀಸಿಸ್‌ನಲ್ಲಿ ಬರೆಯಬೇಡಿ. ಅದಕ್ಕೆ ಗೆಡ್ಡೆಯ ಹಂತದವರೆಗಿನ ಪ್ರಯೋಗ ಬೇರೆಯೇ ಆಗಬೇಕು.