ಆಧುನಿಕ ಟರ್ಕಿಯ ಬದಲಾವಣೆಗಳನ್ನು ಅಭ್ಯಾಸ ಮಾಡುವ ಬಗೆ

ಮೊದಲು 1923ರಿಂದ 1934ರವರೆಗಿನ ಅವಧಿಯನ್ನು ಓದಿಕೊಳ್ಳಿ. ಗಣರಾಜ್ಯದ ಸ್ಥಾಪನೆ, ಖಿಲಾಫತ್ (ಮುಸ್ಲಿಂ ಜಗತ್ತಿನ ಧಾರ್ಮಿಕ ನಾಯಕತ್ವದ ಪೀಠ) ರದ್ದತಿ, ಲ್ಯಾಟಿನ್ ಲಿಪಿಯ ಅಳವಡಿಕೆ, ಸಂಸತ್ ಚುನಾವಣೆಯಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು, ಇವೆಲ್ಲವೂ ಆಗಲೇ ನಡೆದವು.

ಅನಂತರ ಒಂದೇ ಎಳೆಯನ್ನು ಹಿಡಿದು ಮುಂದುವರಿಯಿರಿ. ನನ್ನ ಅಭಿಪ್ರಾಯದಲ್ಲಿ ತಲೆವಸ್ತ್ರದ ಪ್ರಶ್ನೆಯೇ ಅತ್ಯಂತ ಉಪಯುಕ್ತವಾದ ಎಳೆ: 1999ರಲ್ಲಿ ತಲೆವಸ್ತ್ರ ಧರಿಸಿ ಸಂಸತ್ತಿಗೆ ಬಂದ ಚುನಾಯಿತ ಸದಸ್ಯೆ ಮೆರ್ವೆ ಕವಾಕ್ಚಿ ಅವರಿಗೆ ಪ್ರಮಾಣವಚನ ಸ್ವೀಕರಿಸಲು ಸಾಧ್ಯವಾಗಲಿಲ್ಲ, ಆದರೆ 2013ರಲ್ಲಿ ಬಹುತೇಕ ಸರ್ಕಾರಿ ಹುದ್ದೆಗಳಲ್ಲಿ ತಲೆವಸ್ತ್ರದ ಮೇಲಿದ್ದ ನಿಷೇಧವೇ ತೆರವಾಯಿತು. ನಡುವಿನ ವರ್ಷಗಳಲ್ಲಿ ಇಸ್ಲಾಮೀ ರಾಜಕಾರಣದ ಹಿನ್ನೆಲೆಯ ಎಕೆ ಪಕ್ಷ (ನ್ಯಾಯ ಮತ್ತು ಅಭಿವೃದ್ಧಿ ಪಕ್ಷ) 2002ರ ಚುನಾವಣೆಯನ್ನು ಗೆದ್ದದ್ದನ್ನೂ, 1960 ಮತ್ತು 1980ರಲ್ಲಿ ಸರ್ಕಾರಗಳನ್ನೇ ಉರುಳಿಸಿದ್ದ ಸೇನೆಯ ಪ್ರಭಾವ ಕುಗ್ಗಿದ್ದನ್ನೂ ಗುರುತಿಸಿಕೊಳ್ಳಿ.

ಎಲ್ಲವನ್ನೂ ಧರ್ಮ ಮತ್ತು ಜಾತ್ಯತೀತತೆಯ ಜಗಳವೆಂದು ಮಾತ್ರ ಕಾಣಬೇಡಿ. ಹಳ್ಳಿಗಳಿಂದ ಇಸ್ತಾಂಬುಲ್‌ಗೆ ವಲಸೆ ಬಂದವರ ಬದುಕನ್ನೂ ಅಲ್ಲಿನ ಅಲ್ಪಸಂಖ್ಯಾತ ಜನಾಂಗವಾದ ಕುರ್ದರ ಭಾಷಾ ಹಕ್ಕಿನ ಬೇಡಿಕೆಯನ್ನೂ ಜೊತೆಗಿಟ್ಟು ಓದಿ. ಕೊನೆಗೆ, ಅಧ್ಯಕ್ಷೀಯ ಪದ್ಧತಿಗೆ ದಾರಿ ಮಾಡಿದ 2017ರ ಜನಮತಗಣನೆಗೆ ಬನ್ನಿ.