ಊರಿಗೆ ಇಂಟರ್ನೆಟ್ ಕಾಲ್: ಹಾಸನ, ಚಿಕ್ಕಮಗಳೂರು ಕಡೆಯಿಂದ ವಿದೇಶಕ್ಕೆ ಹೊಸದಾಗಿ ಬಂದವರಿಗೆ

ಊರಿಗೆ ಕಾಲ್ ಹೋಗದಿದ್ದರೆ ಹೊಸಬರು ಮೊದಲು ಬೈಯುವುದು ಇಲ್ಲಿಯ ವೈಫೈಯನ್ನು. ತೊಂದರೆ ಹೆಚ್ಚಾಗಿ ಇರುವುದು ಊರಿನ ಮನೆಯಲ್ಲಿ: ಅಮ್ಮನ ಫೋನಿನ ಸೆಟ್ಟಿಂಗ್‌ನಲ್ಲಿ, ಸಂಜೆಗೇ ಮುಗಿದ ಡೇಟಾದಲ್ಲಿ, ಕರೆಂಟ್ ಹೋದೊಡನೆ ಆರುವ ರೂಟರ್‌ನಲ್ಲಿ. ಹಾಗಾಗಿ ಈ ಕೆಲಸದ ಮುಕ್ಕಾಲು ಪಾಲು ವಿಮಾನ ಹತ್ತುವ ಮೊದಲೇ ಮುಗಿಯಬೇಕು. ಈಗಾಗಲೇ ಬಂದುಬಿಟ್ಟಿದ್ದರೆ, ಊರಿನಲ್ಲಿ ಫೋನ್ ಬಲ್ಲ ಒಬ್ಬರನ್ನು ಮನೆಗೆ ಕಳಿಸಿ ಮಾಡಿಸಿ.

ವಾಟ್ಸಾಪ್‌ನಿಂದಲೇ ಶುರು ಮಾಡೋಣ, ಊರಿನ ಫೋನಿನಲ್ಲಿ ಅದು ಇದ್ದೇ ಇರುತ್ತದೆ. ಕಾಲ್ ಮಾಡಿದಾಗ ಪರದೆಯ ಮೇಲೆ ಏನು ಬರುತ್ತದೆ ಎಂದು ಗಮನಿಸಿ. 'ಕಾಲಿಂಗ್' ಎಂದೇ ಉಳಿದರೆ ನಿಮ್ಮ ಕಾಲ್ ಅವರ ಫೋನನ್ನು ಮುಟ್ಟಿಲ್ಲ. ಅಲ್ಲಿ ನೆಟ್ ಇಲ್ಲ, ಇಲ್ಲವೇ ಫೋನ್ ಆ್ಯಪನ್ನು ಮಲಗಿಸಿದೆ. 'ರಿಂಗಿಂಗ್' ಎಂದು ಬಂದರೆ ಮುಟ್ಟಿದೆ. ಅವರಿಗೆ ಕೇಳಿಸಿಲ್ಲ ಅಥವಾ ಎತ್ತಲು ಬಂದಿಲ್ಲ. ಇವೆರಡಕ್ಕೆ ಮದ್ದು ಬೇರೆ ಬೇರೆ.

ಮುಟ್ಟದೇ ಇರುವುದಕ್ಕೆ ದೊಡ್ಡ ಕಾರಣ ಬ್ಯಾಟರಿ ಉಳಿತಾಯ. ಶಿಯೋಮಿ, ವಿವೋ, ಒಪ್ಪೊ, ರಿಯಲ್‌ಮಿ ಫೋನುಗಳು ಸ್ವಲ್ಪ ಹೊತ್ತು ಮುಟ್ಟದ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ವಾಟ್ಸಾಪ್, ಅದರೊಳಗೆ ಬ್ಯಾಟರಿ ತೆರೆದು ನಿರ್ಬಂಧ ತೆಗೆಯಿರಿ. 'ಆಟೋಸ್ಟಾರ್ಟ್' ಇದ್ದರೆ ಆನ್ ಮಾಡಿ. ಮೈಕ್, ಕ್ಯಾಮೆರಾ, ನೋಟಿಫಿಕೇಷನ್ ಮೂರಕ್ಕೂ ಅನುಮತಿ ಇರಲಿ. ವಾಟ್ಸಾಪ್‌ನ ಪ್ರೈವೆಸಿಯಲ್ಲಿ 'ಕಾಲ್ಸ್' ಎಂಬಲ್ಲಿ ಅಪರಿಚಿತರ ಕರೆ ಸದ್ದಾಗದಂತೆ ಮಾಡುವ ಗುಂಡಿಯೊಂದಿದೆ. ಅದು ಆನ್ ಆಗಿದ್ದು ನಿಮ್ಮ ವಿದೇಶಿ ನಂಬರ್ ಸೇವ್ ಆಗಿಲ್ಲದಿದ್ದರೆ, ನೀವು ಎಷ್ಟು ಸಲ ಮಾಡಿದರೂ ಅಲ್ಲಿ ಸದ್ದೇ ಇರುವುದಿಲ್ಲ. ಆ ಗುಂಡಿ ಆನ್ ಇರುವುದೇ ಒಳ್ಳೆಯದು, ವಂಚಕರ ಕರೆ ತಡೆಯುತ್ತದೆ. ನಿಮ್ಮ ನಂಬರನ್ನು ಪ್ಲಸ್ ಗುರುತು, ದೇಶದ ಕೋಡ್ ಸಮೇತ ಸೇವ್ ಮಾಡಿಸಿ. ನಿಮ್ಮ ಫೋನಿನಲ್ಲಿರುವ ಊರಿನ ನಂಬರುಗಳಿಗೂ +91 ಸೇರಿಸಿ. ಬರೀ ಹತ್ತು ಅಂಕಿಗೆ ವಿದೇಶದ ಸಿಮ್‌ನಿಂದ ಕಾಲ್ ಹೋಗದು.

ಎತ್ತುವುದನ್ನು ಕೂರಿಸಿಕೊಂಡು ಕಲಿಸಬೇಕು. ಆಂಡ್ರಾಯ್ಡ್ ಫೋನ್ ಲಾಕ್ ಆಗಿದ್ದಾಗ ಹಸಿರು ಗುಂಡಿಯನ್ನು ಒತ್ತಿದರೆ ಸಾಲದು, ಮೇಲಕ್ಕೆ ಎಳೆಯಬೇಕು. ವಯಸ್ಸಾದವರು ಒತ್ತಿ ಒತ್ತಿ, ಅಷ್ಟರಲ್ಲಿ ಕಾಲ್ ನಿಂತುಹೋಗುತ್ತದೆ. ಫೋನ್ ಲಾಕ್ ಮಾಡಿಯೇ ಐದಾರು ಸಲ ಅಭ್ಯಾಸ ಮಾಡಿಸಿ. ವಾಟ್ಸಾಪ್ ಖಾತೆ ಕಾಯುವ ಗುಟ್ಟಿನ ಸಂಖ್ಯೆ, ಅಂದರೆ ಟು-ಸ್ಟೆಪ್ ಪಿನ್ ಹಾಕಿದರೆ ಮನೆಯ ಡೈರಿಯಲ್ಲಿ ಬರೆದಿಡಿ, ಇಮೇಲ್ ಜೋಡಿಸಿ. ಇಮೇಲ್ ಇಲ್ಲದೆ ಪಿನ್ ಮರೆತರೆ ಹೊಸದು ಹಾಕಲು 7 ದಿನ ಕಾಯಬೇಕಾಗುತ್ತದೆ.

ಇನ್ನು ನೆಟ್. ಅರಸೀಕೆರೆ, ಕಡೂರಿನ ಬಯಲಲ್ಲಿ ಸಿಗ್ನಲ್ ಅಷ್ಟು ಕಾಡುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಕಳಸದ ಕಡೆ ಕಣಿವೆಯ ಮನೆಗಳಿಗೆ ಟವರ್ ಗುಡ್ಡದ ಹಿಂದೆ ಉಳಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ದಿನಗಟ್ಟಲೆ ಹೋದರೆ ಟವರಿನ ಬ್ಯಾಟರಿಯೂ ಖಾಲಿ. ಅಂಥ ಕಡೆ ಫೈಬರ್ ಇಂಟರ್ನೆಟ್ ಸಿಗುವುದಾದರೆ ಹಾಕಿಸಿ, ಜೊತೆಗೆ ರೂಟರ್‌ಗೆ ಕರೆಂಟ್ ಹೋದಾಗಲೂ ಅದನ್ನು ನಡೆಸುವ ಪುಟ್ಟ ಬ್ಯಾಟರಿ, ಒಂದು ಮಿನಿ ಯುಪಿಎಸ್ ಕೊಡಿಸಿ. ಕೊಳ್ಳುವ ಮೊದಲು ರೂಟರ್ ಅಡಾಪ್ಟರ್‌ನ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿ. 12 ವೋಲ್ಟ್‌ನದು ಸಾಮಾನ್ಯ, ಆದರೆ 9 ವೋಲ್ಟ್‌ನವೂ ಇವೆ. ವೋಲ್ಟ್ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಫೈಬರಿನ ಗಾಜಿನ ಎಳೆ ಸಿಡಿಲನ್ನು ಒಳಗೆ ತರುವುದಿಲ್ಲ. ಕರೆಂಟ್ ತಂತಿ ತರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಪ್ಲಗ್ ಕೀಳುವ ರೂಢಿ ಮಾಡಿಸಿ. ವೈಫೈ ಬಂದ ಮೇಲೆ ಊರಿನ ಫೋನಿನಲ್ಲಿ 'ವೈಫೈ ಕಾಲಿಂಗ್' ಆನ್ ಮಾಡಿದರೆ, ಜಿಯೊ, ಏರ್‌ಟೆಲ್ ಸಿಮ್‌ಗೆ ಬರುವ ಮಾಮೂಲಿ ಕರೆಗಳೂ ಟವರ್ ಇಲ್ಲದ ಮನೆಯೊಳಗೆ ಬರುತ್ತವೆ. ಫೋನ್ ಮಾದರಿ ಅದಕ್ಕೆ ಒಗ್ಗುವಂಥದ್ದಾಗಿರಬೇಕು.

ಫೈಬರ್ ಇಲ್ಲದೆ ದಿನಕ್ಕೆ ಇಷ್ಟು ಜಿಬಿ ಎಂಬ ಪ್ಯಾಕ್ ಇದ್ದರೆ, ಮಿತಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಹಗಲೆಲ್ಲ ವಿಡಿಯೊ ನೋಡಿದ ಫೋನಿಗೆ ರಾತ್ರಿ ಕಾಲ್ ಮಾಡಿದರೆ ಮಾತು ತುಂಡು ತುಂಡಾಗುವುದು ಇದರಿಂದಲೇ. ಬೆಳಿಗ್ಗೆ ಮಾಡಿ. ವಾಟ್ಸಾಪ್‌ನ 'ಸ್ಟೋರೇಜ್ ಅಂಡ್ ಡೇಟಾ'ದಲ್ಲಿ ಕಾಲ್‌ಗೆ ಕಡಿಮೆ ಡೇಟಾ ಬಳಸುವ ಆಯ್ಕೆ ಆನ್ ಮಾಡಿ, ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಮಾತು ತಡವರಿಸಿದರೆ ಮೊದಲು ಕ್ಯಾಮೆರಾ ಆಫ್ ಮಾಡಿ. ಬರೀ ಧ್ವನಿಗೆ ಬೇಕಾಗುವ ಡೇಟಾ ವಿಡಿಯೊಗೆ ಬೇಕಾದ್ದರ ಒಂದು ಸಣ್ಣ ಪಾಲು. ನಿಮ್ಮ ದನಿ ಅವರಿಗೆ ಕೇಳದೆ ಅವರದು ಮಾತ್ರ ನಿಮಗೆ ಕೇಳುತ್ತಿದ್ದರೆ, ಮೈಕ್ ಅನುಮತಿ ನೋಡಿದ ಮೇಲೆ ಹಾಸ್ಟೆಲ್ ಅಥವಾ ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬನ್ನಿ. ಅಲ್ಲಿಯ ಫೈರ್‌ವಾಲ್ (ನೆಟ್ ಕಾಯುವ ತಡೆಗೋಡೆ) ಒಂದು ದಿಕ್ಕಿನ ಧ್ವನಿಯನ್ನು ತಡೆದಿರಬಹುದು.

ಯುಎಇಗೆ ಹೋದವರಿಗೆ ನಿಯಮವೇ ಬೇರೆ. ಅಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಅಲ್ಲಿ ಅನುಮತಿ ಇರುವ ಬೋಟಿಮ್ ಎಂಬ ಕಾಲ್ ಆ್ಯಪನ್ನು ಎರಡೂ ಕಡೆ ಹಾಕಿಕೊಳ್ಳಿ. ವಿಪಿಎನ್ ಹಾಕಿ ತಡೆ ದಾಟುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಅಂಥ ಅಪರಾಧಕ್ಕೆ ಅಲ್ಲಿಯ ಕಾನೂನಿನಲ್ಲಿ ದಂಡ 5 ಲಕ್ಷ ದಿರ್ಹಮ್‌ನಿಂದ ಶುರು.

ಭಾರತದ ಸಿಮ್ ಎಸೆಯಬೇಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ವಾಟ್ಸಾಪ್‌ನಂಥ ಆ್ಯಪ್‌ಗಳು ನೋಂದಾಯಿಸಿದ ಸಿಮ್ ಇರುವ ಫೋನಿನಲ್ಲೇ ನಡೆಯಬೇಕೆಂದು ನಿರ್ದೇಶನವನ್ನೂ ಕೊಟ್ಟಿದೆ. ಎರಡನೇ ಸ್ಲಾಟ್‌ನಲ್ಲಿ ಇಟ್ಟು, ಡೇಟಾ ರೋಮಿಂಗ್ ಆಫ್ ಮಾಡಿ, ವ್ಯಾಲಿಡಿಟಿ ಮುಗಿಯದಂತೆ ರೀಚಾರ್ಜ್ ಮಾಡುತ್ತಿರಿ. ನಂಬರ್ ಬದಲಿಸಲೇಬೇಕಾದರೆ ಹಳೆಯ ನಂಬರಿನಿಂದ ವಿಡಿಯೊ ಕಾಲ್ ಮಾಡಿ, ಮುಖ ತೋರಿಸಿ ಹೊಸದನ್ನು ಹೇಳಿ. 'ನಂಬರ್ ಬದಲಾಯ್ತು, ದುಡ್ಡು ಕಳಿಸಿ' ಎಂದು ಮಗನ ಫೋಟೊ ಹಾಕಿಕೊಂಡು ಬರೆಯುವ ವಂಚಕರಿಗೆ ಮಕ್ಕಳು ವಿದೇಶದಲ್ಲಿರುವ ಮನೆಗಳೇ ಗುರಿ. ಹಣ ಹೋದರೆ ಊರಿನವರು ತಕ್ಷಣ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನೂ ಹೇಳಿಟ್ಟಿರಿ.

ಸಮಯದ ವಿಚಾರ ಬೇಗ ಹೇಳುತ್ತೇವೆ. ನ್ಯೂಯಾರ್ಕ್‌ನ ರಾತ್ರಿ 9 ಗಂಟೆಗೆ ಊರಿನಲ್ಲಿ ಮರುದಿನ ಬೆಳಿಗ್ಗೆ, ಅಲ್ಲಿಯ ಚಳಿಗಾಲದಲ್ಲಿ 7:30, ಬೇಸಿಗೆಯಲ್ಲಿ 6:30. ಲಂಡನ್‌ನ ಮಧ್ಯಾಹ್ನ 2ಕ್ಕೆ ಊರಿನಲ್ಲಿ ಸಂಜೆ 7:30 ಅಥವಾ 6:30. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನ ಮನೆಗೆ ಸಂಜೆ ಕಾಲ್ ಬೇಡ. ಆಗ ಹಣ್ಣಿನ ತೂಕ, ಆಳುಗಳ ಲೆಕ್ಕ ನಡೆದಿರುತ್ತದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ನೆಟ್ ಪೂರ್ತಿ ಹೋದ ದಿನಕ್ಕೆ ಬೇರೆ ದಾರಿ ಇರಲೇಬೇಕು. ಹಿಂದೆ ಇದಕ್ಕೆ ಬಳಸುತ್ತಿದ್ದ ಸ್ಕೈಪ್ 2025ರ ಮೇನಲ್ಲಿ ಮುಚ್ಚಿತು. ವೈಬರ್ ಔಟ್‌ನಂಥ ಸೇವೆಯಲ್ಲಿ ಸ್ವಲ್ಪ ಹಣ ಹಾಕಿಟ್ಟರೆ ನಿಮ್ಮ ಕಡೆ ಮಾತ್ರ ನೆಟ್ ಸಾಕು, ಅಲ್ಲಿ ಮಾಮೂಲಿ ಫೋನ್ ರಿಂಗ್ ಆಗುತ್ತದೆ. ಲ್ಯಾಂಡ್‌ಲೈನ್‌ಗೆ ಮಾಡುವಾಗ ಕೋಡ್‌ನ ಮೊದಲ ಸೊನ್ನೆ ಬಿಡಿ: ಹಾಸನದ 08172 ಎಂಬುದು +91 8172, ಚಿಕ್ಕಮಗಳೂರಿನ 08262 ಎಂಬುದು +91 8262. ಮೂಡಿಗೆರೆ 08263, ಸಕಲೇಶಪುರ 08173, ಬೇಲೂರು 08177.

ನೀವಿರುವ ದೇಶದಿಂದ 108 ಅಥವಾ 112 ಒತ್ತಿದರೆ ಊರಿನ ಆಂಬುಲೆನ್ಸ್ ಬರುವುದಿಲ್ಲ. ಆದ್ದರಿಂದ ಪಕ್ಕದ ಮನೆಯವರು, ತೋಟದ ರೈಟರ್, ಹತ್ತಿರದ ಡಾಕ್ಟರ್, ಊರಿನ ಕಾರ್ ಡ್ರೈವರ್, ಠಾಣೆಯ ಲ್ಯಾಂಡ್‌ಲೈನ್, ಇಷ್ಟೂ ನಂಬರನ್ನು +91 ಸಮೇತ ಸೇವ್ ಮಾಡಿ. ಬೇರೆ ಬೇರೆ ಕಂಪನಿಯ ಸಿಮ್ ಇರುವ ಕನಿಷ್ಠ ಇಬ್ಬರಾದರೂ ಅದರಲ್ಲಿರಲಿ. ಒಂದು ಟವರ್ ಸತ್ತಾಗ ಇನ್ನೊಂದು ಬದುಕಿರಬಹುದು. ಅವರಿಗೆ ನಿಮ್ಮ ವಿದೇಶಿ ನಂಬರನ್ನು ಮೊದಲೇ ಕೊಟ್ಟಿರಿ. 'ಇಂಟರ್‌ನ್ಯಾಷನಲ್ ಕಾಲ್' ಎಂದು ಬರುವ ಗೊತ್ತಿಲ್ಲದ ಕರೆಯನ್ನು ಈಗ ಯಾರೂ ಎತ್ತುವುದಿಲ್ಲ, ಎತ್ತಲೂಬಾರದು.